ಕೋಸು ಕಿತ್ತ ಪಾತಿ

ಎನ್.ಆರ್. ಕಾಲೋನಿಯ ಹಳೆಯ ಮನೆಗಳಲ್ಲಿ ಯುಗಾದಿಯ ಎಣ್ಣೆನೀರು, ಬೇವುಬೆಲ್ಲ, ಪಂಚಾಂಗಶ್ರವಣಗಳೆಲ್ಲ ಮುಗಿದ ಮೇಲೆ ಇನ್ನೊಂದು ಸಣ್ಣ ಕೆಲಸ ಉಳಿದಿರುತ್ತಿತ್ತು. ಅದು ಯಾವ ಪಂಚಾಂಗದಲ್ಲಿಯೂ ಬರೆದ ಕೆಲಸವಲ್ಲ. ಹಿತ್ತಿಲ ಪಾತಿಯಲ್ಲಿ ಚಳಿಗಾಲವೆಲ್ಲ ನಿಂತಿದ್ದ ಎಲೆಕೋಸಿನ ಕೊನೆಯ ಗಡ್ಡೆಗಳನ್ನು ಕೊಯ್ದು, ಮೊಂಡಾದ ಕಾಂಡಗಳನ್ನು ಬೇರುಸಹಿತ ಕಿತ್ತು ಹಸುವಿಗೆ ಹಾಕಿ, ಬಿಸಿಲಿಗೆ ಬಿರುಕು ಬಿಟ್ಟ ನೆಲಕ್ಕೆ ಎರಡು ಕೊಡ ನೀರು ಚೆಲ್ಲಿ ಒಂದು ರಾತ್ರಿ ನೆನೆಯಬಿಡುವುದು. ಮರುದಿನ ಬೆಳಗ್ಗೆ ಗುದ್ದಲಿಯಿಂದ ಅಗೆದು, ಒಲೆಯ ಬೂದಿ ಎರಚಿ, ನೀರಿನಲ್ಲಿ ನೆನೆಸಿಟ್ಟಿದ್ದ ಬೆಂಡೆಯ ಬೀಜವನ್ನು ಗೇಣಿಗೊಂದರಂತೆ ಊರುವುದು. ನಮ್ಮ ಅಜ್ಜಿ ಈ ಕೆಲಸವನ್ನು ಪ್ರತಿವರ್ಷವೂ ತಪ್ಪದೆ ಮಾಡಿಸುತ್ತಿದ್ದರು. ಸುಡುಬಿಸಿಲಿನಲ್ಲಿ ಬೀಜ ಹಾಕುವುದು ಎಂಥ ಹುಚ್ಚು ಎಂದು ಹುಡುಗರಾದ ನಾವು ನಗುತ್ತಿದ್ದೆವು. ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಪಾತಿ ಬರಿದಾಗಿರಬಾರದು ಕಣಪ್ಪ."

ಈ ಚಿಕ್ಕ ಕೆಲಸದ ಹಿಂದೆ ಬೆಂಗಳೂರಿನ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸವೊಂದು ಅಡಗಿದೆಯೆಂಬುದು ನನಗೆ ಹೊಳೆದುದು ಬಹಳ ತಡವಾಗಿ. ಕಿತ್ತ ಕೋಸಿಗೂ ಊರಿದ ಬೆಂಡೆಗೂ ಬೇರೆಬೇರೆ ಚರಿತ್ರೆ. ಅವೆರಡೂ ಸಂಧಿಸುತ್ತಿದ್ದುದು ಚೈತ್ರಮಾಸದ ಆ ಎರಡು ದಿನಗಳಲ್ಲಿ, ಆ ಒಂದು ಪಾತಿಯಲ್ಲಿ.

ಮೊದಲು ಋತುವಿನ ವಿಚಾರ. ಇಂಗ್ಲಿಷರ ತೋಟಗಾರಿಕೆಯ ಪುಸ್ತಕಗಳಲ್ಲಿ ನಡುಬೇಸಗೆಯೆಂದರೆ ಜೂನ್ ತಿಂಗಳು. ಅತಿ ದೀರ್ಘವಾದ ಹಗಲುಗಳ ಕಾಲ. ಸಮಭಾಜಕದಿಂದ ಹದಿಮೂರು ಡಿಗ್ರಿಯಷ್ಟೇ ದೂರವಿರುವ ನಮಗೆ ಆ ಲೆಕ್ಕ ಹೊಂದುವುದಿಲ್ಲ. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯ ಆಸುಪಾಸು ಅಷ್ಟೆ. ಜೂನ್ ಬರುವ ಹೊತ್ತಿಗೆ ನಮ್ಮಲ್ಲಿ ಮಳೆ ಬಿದ್ದು ಗಾಳಿ ತಂಪಾಗಿರುತ್ತದೆ. ನಮ್ಮ ನಡುಬೇಸಗೆ ಚೈತ್ರ ವೈಶಾಖಗಳಲ್ಲಿ, ಎಂದರೆ ಮಾರ್ಚಿ ಕೊನೆಯಿಂದ ಮೇ ನಡುವಿನವರೆಗೆ. ಸುಮಾರು 3,000 ಅಡಿ ಎತ್ತರದ ಊರಾದರೂ ಏಪ್ರಿಲಿನಲ್ಲಿ ಮಧ್ಯಾಹ್ನದ ಶಾಖ 34 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಮುತ್ತ ಏರುತ್ತದೆ.

ಶಿವರಾತ್ರಿಗೆ ಚಳಿ "ಶಿವ ಶಿವಾ" ಎಂದು ಓಡಿಹೋಗುತ್ತದೆಂಬ ಮಾತು ಎಲ್ಲರಿಗೂ ತಿಳಿದದ್ದೆ. ಚಳಿಯ ಜೊತೆಗೆ ಚಳಿಗಾಲದ ತರಕಾರಿಯ ಸತ್ತ್ವವೂ ಹೋಗುತ್ತದೆ. ಹೂಕೋಸಿನ ಬಿಗಿಯಾದ ಹೂವು ಸಡಿಲವಾಗಿ ಬಿರಿಯುತ್ತದೆ; ಮೂಲಂಗಿ ಬೆಂಡಾಗುತ್ತದೆ; ಕೊತ್ತಂಬರಿ ಎಲೆಯನ್ನು ಮರೆತು ಹೂದಂಟು ಎತ್ತುತ್ತದೆ; ಬಟಾಣಿಯ ಬಳ್ಳಿಗೆ ಬೂದಿರೋಗ ಹಿಡಿಯುತ್ತದೆ. ಅಲ್ಲಿಂದ ಭರಣಿಯ ಮಳೆಯವರೆಗೆ ಪಾತಿಯಲ್ಲಿ ಏನಿರಬೇಕು? ಏನೂ ಬೇಡ, ನೆಲ ಮಲಗಲಿ ಎನ್ನುವುದು ಒಂದು ದಾರಿ. ಹೊಲದ ಬೇಸಾಯಗಾರ ಅದನ್ನೇ ಮಾಡುತ್ತಾನೆ. ಅವನಿಗೆ ಮಳೆಯೇ ಆಧಾರ. ತೋಟಗಾರನಿಗೆ ಬಾವಿಯುಂಟು. ಆದುದರಿಂದ ಅವನು ಬೆಂಡೆ, ಬದನೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ದಂಟು, ಹರಿವೆಗಳನ್ನು ಬಿಸಿಲಿನಲ್ಲೇ ಹಾಕಿ ನೀರೆರೆದು ಎಬ್ಬಿಸುತ್ತಾನೆ. ಏಪ್ರಿಲ್ ನಡುವಿನ ಅಶ್ವಿನಿಯೋ, ಕೊನೆಯ ಭರಣಿಯೋ ಒಂದೆರಡು ಹದ ಕೊಟ್ಟರೆ ಗಿಡ ಮೇಲೇಳುತ್ತದೆ. ರೋಹಿಣಿ ಹುಟ್ಟುವ ವೇಳೆಗೆ, ನೆರೆಯ ಹೊಲದವನು ಇನ್ನೂ ನೇಗಿಲು ಹೂಡುತ್ತಿರುವಾಗ, ತೋಟಗಾರ ಪೇಟೆಗೆ ಬುಟ್ಟಿ ಹೊರಿಸುತ್ತಾನೆ.

ಈ ರೂಢಿ ಎಷ್ಟು ಹಳೆಯದು? ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ಸೀಮೆಯನ್ನು ಪರಿಶೀಲಿಸಲು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬೆಂಗಳೂರಿಗೆ ಬಂದುದು 1800ರ ಮೇ ತಿಂಗಳಿನಲ್ಲಿ, ಸರಿಯಾಗಿ ನಡುಬೇಸಗೆಯಲ್ಲಿ. ಹೈದರನೂ ಟಿಪ್ಪುವೂ ಮಾಡಿಸಿದ ತೋಟಗಳನ್ನು ಆತ ಕಂಡು ಬರೆದಿದ್ದಾನೆ. ಚೌಕಚೌಕವಾದ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು. ಪಾತಿಗಳಲ್ಲಿ ಹಣ್ಣಿನ ಗಿಡಗಳೂ ಅಡಿಗೆಗೆ ಬೇಕಾದ ಸೊಪ್ಪು ತರಕಾರಿಗಳೂ. ಆ ತೋಟಗಳ ಮುಖ್ಯ ಕೊರತೆ ನೀರೇ ಎಂಬುದನ್ನು ಆತ ಗುರುತಿಸಿದ. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಎತ್ತು ಕಟ್ಟಿದ ಕಪಿಲೆಯಲ್ಲಿ ನೀರೆತ್ತುತ್ತಿದ್ದರು; ಹೈದರನ ತೋಟಕ್ಕೆ ಕೆರೆಯಿಂದ ನೀರು ತಾನಾಗಿಯೇ ಹರಿದು ಬರುತ್ತಿತ್ತು. ಏತಕ್ಕಿಂತ ಕಪಿಲೆಯೇ ಮೇಲೆಂದು ಅಲ್ಲಿಯ ಕೆಲಸಗಾರರು ಹೇಳಿದುದನ್ನೂ ಆತ ಬರೆದಿಟ್ಟಿದ್ದಾನೆ. ನಮ್ಮ ತೋಟಗಳನ್ನು ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟವೆಂದು ನಾಲ್ಕಾಗಿ ಹೇಳುವ ಕ್ರಮವೂ ಅವನ ಬರಹದಲ್ಲಿದೆ. ತರಕಾರಿ ತೋಟವೆಂಬುದು ಆಗಲೇ ಪ್ರತ್ಯೇಕ ಹೆಸರನ್ನು ಪಡೆದ ಕಸುಬಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಕಸುಬಿನಲ್ಲಿ ಹೆಸರಾದವರು ತಿಗಳರು. ತಮಿಳು ಸೀಮೆಯಿಂದ ಬಂದು ನೆಲೆಸಿದವರೆಂದು ಪ್ರತೀತಿಯಿರುವ ಈ ಜನ, ಬೆಂಗಳೂರಿನ ಕೆರೆಗಳ ಕೆಳಗಿನ ಜೌಗು ನೆಲವನ್ನೂ ಬಾವಿಯ ಸುತ್ತಣ ಕೆಂಪು ನೆಲವನ್ನೂ ತಲೆಮಾರುಗಳ ಕಾಲ ತರಕಾರಿಗೆ ತಿದ್ದಿದವರು. ಸಂಪಂಗಿ ಕೆರೆ, ಧರ್ಮಾಂಬುಧಿ, ಕೆಂಪಾಂಬುಧಿ, ಲಾಲ್‌ಬಾಗಿನ ಕೆರೆ, ಬಸವನಗುಡಿಯ ಕಾರಂಜಿ ಕೆರೆ—ಇವುಗಳಲ್ಲಿ ಕೆಲವು ಇಂದು ಉಳಿದಿವೆ, ಕೆಲವು ಇಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ತಿಗಳರ ಹಿರಿಯ ಉತ್ಸವವಾದ ಕರಗ ನಡೆಯುವುದು ಚೈತ್ರಶುದ್ಧ ಹುಣ್ಣಿಮೆಯಂದು ಎಂಬುದನ್ನು ಇಲ್ಲಿ ನೆನೆಯಬೇಕು. ಚಳಿಗಾಲದ ಬೆಳೆ ಮುಗಿದು ಬೇಸಗೆಯ ಬೀಜ ನೆಲ ಸೇರುವ ಕಾಲವೂ ಅದೇ. ಧರ್ಮರಾಯನ ಗುಡಿಯ ಕಥೆ ದ್ರೌಪದಿಯದು, ಕೃಷಿಯದಲ್ಲ. ಆದರೂ ಮಲ್ಲಿಗೆಯಿಂದ ತುಂಬಿದ ಆ ಕರಗವನ್ನು ಹೊತ್ತವರ ಕುಲಕಸುಬು ತೋಟವೆಂಬುದನ್ನು ನೆನೆದರೆ, ಕಸುಬಿನ ವರ್ಷವೂ ಹಬ್ಬದ ವರ್ಷವೂ ಒಂದೇ ಹುಣ್ಣಿಮೆಯಲ್ಲಿ ಕೂಡುವುದು ಮನಸ್ಸಿಗೆ ಹಿತವಾಗುತ್ತದೆ.

ಚಳಿಗಾಲಕ್ಕೆ ಆಗ ಏನು ಬೆಳೆಯುತ್ತಿದ್ದರು ಎಂದರೆ, ನಮ್ಮ ಅವರೆಯೇ ಮೊದಲು. ರಾಗಿಯ ಹೊಲದಲ್ಲಿ ಅಕ್ಕಡಿಯಾಗಿ ಬೆಳೆದು ಧನುರ್ಮಾಸದಲ್ಲಿ ಪೇಟೆಗೆ ಬರುವ ಸೊಗಡಿನ ಅವರೆ, ಜೊತೆಗೆ ಮೂಲಂಗಿ, ಮೆಂತ್ಯ, ಕೊತ್ತಂಬರಿ. ಕೋಸಿನ ವಂಶ ಬಂದುದು ದಂಡಿನ ಜೊತೆಗೆ. 1809ರಲ್ಲಿ ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಹಲಸೂರಿನ ಬಳಿ ನೆಲೆಯೂರಿದಾಗ, ಆ ಜನರ ನಾಲಗೆ ತನ್ನ ಊರಿನ ತರಕಾರಿಯನ್ನು ಬೇಡಿತು. ಬೆಂಗಳೂರಿನ ಹವೆ ಅದಕ್ಕೆ ಒಲಿಯಿತು. ಎಲೆಕೋಸು, ಹೂಕೋಸು, ನವಿಲುಕೋಸು, ಕ್ಯಾರಟ್, ಬೀಟ್‌ರೂಟ್, ಬಟಾಣಿ, ಹುರುಳಿಕಾಯಿ ಎಂದು ನಾವು ಕರೆಯುವ ಬೀನ್ಸ್—ಒಂದೊಂದಾಗಿ ದಂಡಿನ ಮಾರುಕಟ್ಟೆಯಿಂದ ಪೇಟೆಗೆ ಇಳಿದವು. ಹೈದರನ ಲಾಲ್‌ಬಾಗ್ ಕಂಪನಿಯ ಕೈಸೇರಿ, 1856ರಲ್ಲಿ ಸರ್ಕಾರದ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮೆರಾನ್ ಹೊರದೇಶದ ಗಿಡಗಳನ್ನು ತರಿಸಿ ಇಲ್ಲಿ ಒಗ್ಗಿಸಿದವರಲ್ಲಿ ಪ್ರಮುಖ. ಸೀಮೆಬದನೆಯನ್ನು ನಮಗೆ ಕೊಟ್ಟ ಕೀರ್ತಿ ಅವರದೆಂದು ಹೇಳುತ್ತಾರೆ. ಅದು ನಮ್ಮೂರಿಗೆ ಎಷ್ಟು ಒಗ್ಗಿತೆಂದರೆ ತಮಿಳು ಜನ ಅದನ್ನು ಇಂದಿಗೂ ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ. ನಮಗೆ 'ಸೀಮೆ'ಯದು, ಅವರಿಗೆ ನಮ್ಮದು! ಕ್ಯಾಮೆರಾನರ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್ಲರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಮನೆತೋಟದ ಹವ್ಯಾಸ ಊರಿನ ವಿದ್ಯಾವಂತರಿಗೂ ಹತ್ತಿತು.

ಇಲ್ಲೊಂದು ಮಾತು ಹೇಳಲೇಬೇಕು. 'ದೇಶೀ', 'ಸೀಮೆ' ಎಂಬ ಭೇದವನ್ನು ಬಹಳ ದೂರ ಎಳೆಯಬಾರದು. ಬೆಂಡೆಯ ತವರು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ದೊಡ್ಡ ಬಸವಣ್ಣನ ಮುಂದೆ ಕಾರ್ತಿಕದ ಕೊನೆಯ ಸೋಮವಾರ ರಾಶಿ ಹಾಕುವ ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡಗಳದೇ. ಮೊನ್ನೆಯ ಅತಿಥಿ ಇಂದು ಮನೆಯ ಯಜಮಾನ. ಬೇಸಗೆಯ ಪಾತಿಗೂ ಚಳಿಗಾಲದ ಪಾತಿಗೂ ನಿಜವಾಗಿ ಇದ್ದ ವ್ಯತ್ಯಾಸ ಹುಟ್ಟಿದ ದೇಶದ್ದಲ್ಲ, ಅದು ಬೀಜದ್ದು.

ಎಲೆಕೋಸು ಬೀಜ ಕಟ್ಟಬೇಕಾದರೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಬೆಂಗಳೂರಿನ ಚಳಿ ಗಡ್ಡೆ ಕಟ್ಟುವುದಕ್ಕೆ ಸಾಕು, ಬೀಜಕ್ಕೆ ಸಾಲದು. ಆದುದರಿಂದ ಕೋಸಿನ ಬೀಜ ಪ್ರತಿವರ್ಷವೂ ಹಡಗಿನಲ್ಲಿ ಬರಬೇಕಾಗಿತ್ತು. ಇಂಗ್ಲೆಂಡಿನ ರೆಡಿಂಗ್ ಊರಿನ ಸಟನ್ ಕಂಪನಿಯ ಬೀಜಗಳು ಇಂಡಿಯಾದಲ್ಲೆಲ್ಲ ಹೆಸರಾಗಿದ್ದವು. ಬೇಸಗೆಯ ಪಾತಿಗೆ ಇಂಥ ಹಂಗಿಲ್ಲ. ಒಂದು ಬೆಂಡೆಕಾಯನ್ನು ಗಿಡದಲ್ಲೇ ಒಣಗಬಿಟ್ಟರೆ ಮುಂದಿನ ವರ್ಷಕ್ಕೆ ಬೀಜವಾಯಿತು. ನಮ್ಮ ಅಜ್ಜಿಯ ಅಡಿಗೆಮನೆಯ ಅಟ್ಟದಲ್ಲಿ ಹಳೆಯ ಹಾರ್ಲಿಕ್ಸ್ ಸೀಸೆಗಳು ಸಾಲಾಗಿದ್ದವು: ಬೂದಿಯಲ್ಲಿ ಕಲಸಿದ ಹೀರೆಬೀಜ, ಹಾಗಲಬೀಜ, ಬಟ್ಟೆಯಲ್ಲಿ ಕಟ್ಟಿದ ದಂಟಿನ ಬೀಜ. ಚಳಿಗಾಲದ ಪಾತಿ ಅಂಗಡಿಯದು, ಬೇಸಗೆಯ ಪಾತಿ ಮನೆಯದು ಎಂದರೆ ಸುಳ್ಳಾಗದು.

ತೋಟಗಾರನ ಜಾಣತನವಿರುವುದು ಈ ಎರಡನ್ನೂ ಒಂದೇ ನೆಲದಲ್ಲಿ ಹೊಂದಿಸಿದುದರಲ್ಲಿ. ಕೋಸು ಬಹಳ ತಿನ್ನುವ ಗಿಡ. ಅದಕ್ಕೆಂದು ಕಾರ್ತಿಕದಲ್ಲಿ ಸುರಿದ ಕೊಟ್ಟಿಗೆಗೊಬ್ಬರದಲ್ಲಿ ಒಂದು ಪಾಲು ನೆಲದಲ್ಲೇ ಉಳಿಯುತ್ತದೆ. ಹಿಂದೆಯೇ ಬಂದ ಬೆಂಡೆಗೆ ಬೇರೆ ಗೊಬ್ಬರ ಅಷ್ಟಾಗಿ ಬೇಡ. ಕೋಸನ್ನು ಕಾಡುವ ಹುಳು ಬೆಂಡೆಗೆ ಬಾರದು. ವಂಶ ಬದಲಾದುದರಿಂದ ರೋಗದ ಸರಪಳಿ ಕಡಿಯುತ್ತದೆ. ಗೋರಿಕಾಯಿಯೋ ಅಲಸಂದೆಯೋ ಹಾಕಿದರೆ ಅವುಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಹೊಸ ಬೆಳೆ ಬಂದಿತೆಂದು ಹಳೆಯದನ್ನು ಅವನು ಬಿಡಲಿಲ್ಲ. ಹಳೆಯ ವರ್ಷದಲ್ಲಿ ತೆರಪಿದ್ದ ಕಡೆ ಹೊಸದನ್ನು ಸೇರಿಸಿಕೊಂಡ. ದಂಡಿನ ಬಂಗಲೆಯವರಿಗೆ ಕೋಸು ಮುಗಿದೊಡನೆ ತರಕಾರಿಯ ವರ್ಷ ಮುಗಿಯಿತು, ಅವನಿಗೆ ಅರ್ಧವಾಯಿತು.

ಈ ವಿದ್ಯೆ ತೋಟಗಾರರ ಕೇರಿಯಿಂದ ನಮ್ಮಂಥವರ ಹಿತ್ತಿಲಿಗೆ ಬಂದುದಕ್ಕೆ ಕಾರಣ ಒಂದು ಮಹಾಮಾರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿಯೂ ಮನುಷ್ಯನೂ ಒತ್ತೊತ್ತಾಗಿ ಬದುಕುತ್ತಿದ್ದ ಪೇಟೆಯನ್ನು ಬಿಟ್ಟು ಜನ ಬಯಲಿಗೆ ಹೋಗಬೇಕಾಯಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿ, ಬೆಳಕು, ಗಾಳಿ, ಮನೆಯ ಹಿಂದೆ ಕಸ ಸಾಗಿಸುವ ಸಂದಿ, ಮನೆಗೊಂದು ಹಿತ್ತಿಲು ಎಂಬ ಕ್ರಮದಲ್ಲಿ ಬೆಳೆದವು. ಸುಂಕೇನಹಳ್ಳಿಯ ಹೊಲಗದ್ದೆಗಳು ನಿವೇಶನಗಳಾದುವು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತ ನಮ್ಮ ಕಾಲೋನಿ ಆ ಬಸವನಗುಡಿಯ ಸೆರಗಿಗೆ ಆಮೇಲೆ ಬಂದು ಸೇರಿತು. ಗುಮಾಸ್ತರು, ಮೇಷ್ಟರು, ವಕೀಲರು ಕಟ್ಟಿದ ಮನೆಗಳು. ಆದರೂ ಪ್ರತಿ ಮನೆಗೂ ತೆಂಗು, ಕರಿಬೇವು, ಒಂದೆರಡು ಪಾತಿ. ಪ್ಲೇಗಿನ ಭಯದಿಂದ ಬಿಟ್ಟ ನೆಲ ತರಕಾರಿಗೆ ಒದಗಿತು.

ನೀರು? 1896ರಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಕೊಳಾಯಿಗೆ ನೀರು ಬಂದಿತಾದರೂ ಬೇಸಗೆಯಲ್ಲಿ ಅದನ್ನು ಗಿಡಕ್ಕೆ ಹಾಕುವ ಧೈರ್ಯ ಯಾವ ಗೃಹಿಣಿಗೂ ಇರಲಿಲ್ಲ. ಬಚ್ಚಲ ನೀರೇ ಪಾತಿಯ ಪಾಲು. ಸೀಗೆಪುಡಿ, ಕಡಲೆಹಿಟ್ಟುಗಳ ಕಾಲವದು; ಮೈ ತೊಳೆದ ನೀರು ಬಾಳೆಯ ಬುಡಕ್ಕೆ, ಅಕ್ಕಿ ತೊಳೆದ ಕಲಗಚ್ಚು ಹಸುವಿಗೆ, ಪಾತ್ರೆ ಬೆಳಗಿದ ಬೂದಿನೀರು ಬೆಂಡೆಗೆ. ಇಂತಿಷ್ಟು ಜನ ಸ್ನಾನ ಮಾಡಿದರೆ ಇಂತಿಷ್ಟು ಪಾತಿ ಎಂಬ ಲೆಕ್ಕ ಅಜ್ಜಿಗೆ ಬಾಯಿಪಾಠ. ಮನೆಗೆ ನೆಂಟರು ಬಂದರೆ ಹಾಗಲದ ಬಳ್ಳಿ ಚಿಗುರುತ್ತಿತ್ತು.

ಈ ಬೇಸಗೆಯ ಬೆಳೆಗೆ ಅಡಿಗೆಮನೆಯಲ್ಲಿ ಇನ್ನೊಂದು ಹಕ್ಕೂ ಇದ್ದಿತು. ಕೋಸಿನ ಪಲ್ಯ, ಹುರುಳಿಕಾಯಿ ಹುಳಿ ದಿನನಿತ್ಯಕ್ಕೆ ಸಂದವು. ಹಿರಿಯರ ಶ್ರಾದ್ಧದ ಎಲೆಗೆ ಸಲ್ಲಲಿಲ್ಲ. ಅಲ್ಲಿಗೆ ಹಾಗಲಕಾಯಿ ಬೇಕು, ಬಾಳೆಕಾಯಿ ಬೇಕು. ಮನೆಮನೆಗೆ ಪದ್ಧತಿ ಸ್ವಲ್ಪ ಬೇರೆಯಾದರೂ, ಸೀಮೆಯ ತರಕಾರಿ ಪಿತೃಗಳಿಗೆ ರುಚಿಸದೆಂಬುದು ಮಡಿ ಹೆಂಗಸರ ಸರ್ವಾನುಮತದ ತೀರ್ಮಾನ. ಇದನ್ನು ಮೂಢನಂಬಿಕೆಯೆಂದು ನಾವು ಕಾಲೇಜು ಹುಡುಗರು ವಾದಿಸುತ್ತಿದ್ದೆವು. ಈಗ ಯೋಚಿಸಿದರೆ, ಆ ಕಟ್ಟಳೆಯಿಂದಾದರೂ ವರ್ಷಕ್ಕೊಮ್ಮೆ ಹಾಗಲದ ಬೀಜ ನೆಲ ಕಾಣುತ್ತಿದ್ದಿತಲ್ಲ ಎನ್ನಿಸುತ್ತದೆ.

ಮನೆಯ ಬೀಜಕ್ಕೆ ಬೆಲೆ ಬಂದುದು ಎರಡನೆಯ ಮಹಾಯುದ್ಧದಲ್ಲಿ. ಹಡಗು ನಿಂತಿತು, ಕೋಸಿನ ಬೀಜವೂ ನಿಂತಿತು. ಆಗ ಸರ್ಕಾರ ಕ್ವೆಟ್ಟಾ, ಕಾಶ್ಮೀರಗಳ ಚಳಿಯಲ್ಲಿ ಆ ಬೀಜ ಬೆಳೆಸಲು ಹೊರಟಿತು. 1947ರಲ್ಲಿ ಕ್ವೆಟ್ಟಾ ಪಾಕಿಸ್ತಾನಕ್ಕೆ ಹೋದ ಮೇಲೆ ಕುಲು ಕಣಿವೆಯ ಕಟ್ರೈನಿನಲ್ಲಿ ಕೆಲಸ ಮುಂದುವರಿಯಿತು. ಇತ್ತ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಕೂಗು ಎದ್ದಿತು. 1965ರ ಅಭಾವದ ದಿನಗಳಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ತಮ್ಮ ಸರ್ಕಾರಿ ನಿವಾಸದ ಹುಲ್ಲುಹಾಸನ್ನೇ ಉಳಿಸಿದಾಗ, ಆ ಸುದ್ದಿ ಓದಿ ನಮ್ಮ ಬೀದಿಯ ಅನೇಕರು ಗುಲಾಬಿಯನ್ನು ಕಿತ್ತು ದಂಟು ಹಾಕಿದರು. ಅಜ್ಜಿಗೆ ಮಾತ್ರ ಆಶ್ಚರ್ಯವೇನೂ ಆಗಲಿಲ್ಲ. ದಿಲ್ಲಿಯವರು ಹೇಳುವುದಕ್ಕೆ ಮೊದಲೇ ಅವರ ಪಾತಿ ತುಂಬಿತ್ತು.

ಅದು ಬರಿದಾದುದು ಕ್ಷಾಮದಲ್ಲಲ್ಲ, ಸುಭಿಕ್ಷದಲ್ಲಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯ ಮಳಿಗೆಗಳು ಬೀದಿಗೆ ಬಂದವು. ಒಳ್ಳೆಯ ತರಕಾರಿ ನ್ಯಾಯವಾದ ಬೆಲೆಗೆ ದೊರೆಯಿತು. 1974ರಲ್ಲಿ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಬೆಂಗಳೂರಿಗೆ ಹತ್ತಿ ಬಂದಳು. 1965ರಲ್ಲಿ ನಮ್ಮೂರಿನಲ್ಲೇ ಹುಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ಟೊಮೇಟೊ, ದೊಣ್ಣೆಮೆಣಸಿನಕಾಯಿಗಳ ಮಿಶ್ರತಳಿಗಳನ್ನು ಹೊರತಂದಿತು. ಬೆಳೆ ಹೆಚ್ಚಿತು. ಆದರೆ ಮಿಶ್ರತಳಿಯ ಬೀಜ ಮರುವರ್ಷ ಅದೇ ಗುಣ ತೋರದು; ಹೊಸದಾಗಿ ಕೊಳ್ಳಬೇಕು. ಬೇಸಗೆಯ ಪಾತಿಯೂ ಹೀಗೆ ಅಂಗಡಿಯ ದಾರಿ ಹಿಡಿಯಿತು. ಇತ್ತ ಹಿತ್ತಿಲಿನಲ್ಲಿ ಮೊದಲು ಬಾಡಿಗೆಗೊಂದು ಔಟ್‌ಹೌಸ್ ಎದ್ದಿತು. ಆಮೇಲೆ ಮನೆಯನ್ನೇ ಕೆಡವಿ ನಾಲ್ಕು ಅಂತಸ್ತು ಕಟ್ಟಿದರು. ಪಾತಿಯಿದ್ದ ಕಡೆ ಕಾರು ನಿಂತಿತು. ವರ್ಷವಿಡೀ ಕೋಸು ದೊರೆಯುವ ಗಾಂಧಿಬಜಾರಿನಲ್ಲಿ ಕೋಸು ಯಾವಾಗ ಮುಗಿಯುತ್ತದೆಂದು ಕೇಳುವವರು ಯಾರು?

ಇದರಲ್ಲಿ ಯಾರದೂ ತಪ್ಪಿಲ್ಲ. ನಮ್ಮ ಮನೆಯ ಹಿತ್ತಿಲನ್ನು ಕಟ್ಟಿಸಿದವರು ನಾವೇ. ಆದರೆ 2024ರ ಮಾರ್ಚಿಯಲ್ಲಿ, ಸರಿಯಾಗಿ ಕೋಸು ಕೀಳುವ ತಿಂಗಳಿನಲ್ಲಿ, ಬೆಂಗಳೂರಿನ ಕೊಳವೆಬಾವಿಗಳು ಸಾವಿರಾರು ಸಂಖ್ಯೆಯಲ್ಲಿ ಬತ್ತಿದುವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಆ ಆಜ್ಞೆ ಓದಿದಾಗ ನನಗೆ ಅಜ್ಜಿಯ ನೆನಪಾಗಿ ನಗು ಬಂದಿತು. ಮರುಕ್ಷಣದಲ್ಲಿ ಬೇರೊಂದು ಯೋಚನೆ ಬಂದಿತು. ಅವರ ಪಾತಿಗೆ ಆ ದಂಡ ತಟ್ಟುತ್ತಿರಲಿಲ್ಲ. ಅವರು ಗಿಡಕ್ಕೆ ಹಾಕಿದುದು ಒಮ್ಮೆ ಬಳಸಿದ ನೀರನ್ನು.

ಆ ಬಚ್ಚಲ ನೀರು ಈಗ ಎಲ್ಲಿಗೆ ಹೋಗುತ್ತದೆ? ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವಿರುವ ವೃಷಭಾವತಿ ಇಂದು ಊರಿನ ಕೊಳಚೆಯನ್ನು ಹೊತ್ತು ಪಡುವಣಕ್ಕೆ ಹರಿಯುತ್ತಾಳೆ. ಊರಿನ ಇನ್ನೊಂದು ಪಕ್ಕದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಮೊದಲಾಯಿತು. ಆ ಶುದ್ಧಿ ಸಾಲದೆಂಬ ವಾದವೂ ಇದೆ, ಬತ್ತಿದ ಬಾವಿಗಳಲ್ಲಿ ನೀರು ಕಂಡಿತೆಂಬ ಸಂತೋಷವೂ ಇದೆ. ಅಜ್ಜಿಯ ಲೆಕ್ಕವನ್ನೇ ಸರ್ಕಾರ ಜಿಲ್ಲೆಯ ಅಳತೆಯಲ್ಲಿ ಮಾಡುತ್ತಿದೆ ಎನ್ನಬಹುದು. ಅಜ್ಜಿಗೆ ಇದ್ದ ಒಂದು ಅನುಕೂಲ ಸರ್ಕಾರಕ್ಕಿಲ್ಲ. ತಮ್ಮ ಬಚ್ಚಲಿಗೆ ಏನು ಬಿತ್ತೆಂಬುದು ಅವರಿಗೆ ಗೊತ್ತಿತ್ತು.

ಇತಿಹಾಸವನ್ನು ಹಿಂದಕ್ಕೆ ತಿರುಗಿಸಲಾಗದು. ನೆಲವಿಲ್ಲದವರಿಗೆ ತಾರಸಿಯುಂಟು, ಕುಂಡವುಂಟು. ಈ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ತಾರಸಿಯ ಕುಂಡಗಳಲ್ಲಿ ಒಣಗಿದ ಮೆಂತ್ಯವನ್ನೂ ಹೂ ಬಿಟ್ಟ ಮೂಲಂಗಿಯನ್ನೂ ಕಿತ್ತೆ. ಮಣ್ಣಿಗೆ ಹಿಡಿ ಗೊಬ್ಬರ ಕಲಸಿ, ಹಳ್ಳಿಯಿಂದ ತರಿಸಿದ ನಾಟಿ ಬೆಂಡೆಯನ್ನೂ ಹರಿವೆಯನ್ನೂ ಹಾಕಿದೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಸಾಕಾಯಿತು. ಹರಿವೆ ತಿಂಗಳಲ್ಲಿ ಕೊಯ್ಲಿಗೆ ಬಂದಿತು. ಬೆಂಡೆ ಐವತ್ತನೆಯ ದಿನ ಕಾಯಿ ಬಿಟ್ಟಿತು. ಮೊದಲ ಗಿಡದ ಒಂದು ಕಾಯನ್ನು ಕೀಳದೆ ಹಾಗೆಯೇ ಬಿಟ್ಟಿದ್ದೇನೆ. ಅದು ಒಣಗಿ ಬಿರಿಯುವುದಕ್ಕೆ ಮೊದಲು ಒಂದು ಸೀಸೆ ಹುಡುಕಬೇಕು.